ದಂಡಿನ ಮೈದಾನ, ಕಾರ್ಖಾನೆಯ ಸಂಬಳ



ಕ್ರೀಡೆಯ ಸಮಾವೇಶಕ್ಕೆ ಕನ್ನಡಿಗನೊಬ್ಬ ಅಧ್ಯಕ್ಷನಾದರೆ ಕ್ರಿಕೆಟಿನ ವಿಶ್ವನಾಥ್, ಪ್ರಸನ್ನ, ಚಂದ್ರಶೇಖರ್ ಎಂದು ಶುರು ಮಾಡುವುದು ವಾಡಿಕೆ. ಅವರನ್ನು ಹೊಗಳಲು ಬೇಕಾದಷ್ಟು ಜನರಿದ್ದಾರೆ. ನಾನು ಬೆಂಗಳೂರಿನ ಫುಟ್‌ಬಾಲ್ ಲೀಗಿನ ಮಾತಾಡುತ್ತೇನೆ. ಅದನ್ನು ಚೆನ್ನೈನ ಈ ಪೋರೂರಿನಲ್ಲೇ ಆಡಬೇಕು. ಮೌಂಟ್–ಪೂನಮಲ್ಲಿ ರಸ್ತೆ ಹಿಡಿದು ಹೋದರೆ ಬೆಂಗಳೂರಿನ ಹೆದ್ದಾರಿ ಸಿಗುತ್ತದೆ ಎಂಬುದಷ್ಟೇ ಕಾರಣವಲ್ಲ. ಬೆಂಗಳೂರಿನ ಫುಟ್‌ಬಾಲ್ ಬೆಳೆದದ್ದು ದಂಡಿನಲ್ಲಿ, ಅಂದರೆ ಕಂಟೋನ್ಮೆಂಟಿನಲ್ಲಿ. ಅಲ್ಲಿ ಹಲಸೂರಿನ ಮದ್ರಾಸ್ ಸ್ಯಾಪರ್ಸ್ ಸೈನಿಕರಿದ್ದರು, ತಮಿಳು ಮಾತಾಡುವ ಕೆಲಸಗಾರರ ಕೇರಿಗಳಿದ್ದವು, ಉರ್ದು ಮನೆಮಾತಿನ ಮೊಹಲ್ಲಾಗಳಿದ್ದವು. ಪೇಟೆಯವರು ಆಟ ನೋಡಲು ಆಮೇಲೆ ಬಂದರು.

1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಬೊಂಬಾಯಿಗೆ ಹೋಗಿ ರೋವರ್ಸ್ ಕಪ್ ಗೆದ್ದಿತು. 1891ರಿಂದ ಬ್ರಿಟಿಷ್ ಪಡೆಗಳ ಸ್ವತ್ತಿನಂತಿದ್ದ ಕಪ್ ಅದು. ಭಾರತೀಯ ತಂಡವೊಂದರ ಕೈಗೆ ಬಂದದ್ದು ಅದೇ ಮೊದಲು. ಫೈನಲ್‌ನಲ್ಲಿ ಸೋತದ್ದು ಕಲ್ಕತ್ತೆಯ ಫುಟ್‌ಬಾಲನ್ನೇ ಆಳುತ್ತಿದ್ದ ಮೊಹಮ್ಮಡನ್ ಸ್ಪೋರ್ಟಿಂಗ್. ಮರುವರ್ಷ ಕಪ್ ಮತ್ತೆ ಬೆಂಗಳೂರಿಗೇ ಬಂತು. ಮೋಹನ್ ಬಾಗಾನ್ 1911ರಲ್ಲಿ ಗೆದ್ದ ಐಎಫ್‌ಎ ಶೀಲ್ಡಿನ ಕತೆ ಬಂಗಾಳದ ಮಕ್ಕಳಿಗೆಲ್ಲ ಗೊತ್ತು. 1937ರ ಕತೆ ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

1948ರ ಜುಲೈ 31. ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತದ ಮೊದಲ ಪಂದ್ಯ, ಎದುರಾಳಿ ಫ್ರಾನ್ಸ್. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿ ಆಡಿದರು. ಎರಡು ಪೆನಾಲ್ಟಿ ಕೈತಪ್ಪಿ, ಪಂದ್ಯ 2–1ರಲ್ಲಿ ಹೋಯಿತು. ಭಾರತದ ಆ ಒಂದು ಗೋಲು ಮೈಸೂರು ರಾಜ್ಯದ ಸಾರಂಗಪಾಣಿ ರಾಮನ್ ಅವರದು. ಅದೇ ತಂಡದಲ್ಲಿ ಬೆಂಗಳೂರಿನವರೇ ಆದ ಅಹಮದ್ ಖಾನ್, ಧನರಾಜ್, ವಜ್ರವೇಲು ಇದ್ದರು. 1952ರ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯ ನಮಗೆ ಹತ್ತು ಗೋಲು ಹೊಡೆಯಿತು. ನಾವು ಹೊಡೆದ ಒಂದು ಗೋಲು ಅಹಮದ್ ಖಾನ್ ಕಾಲಿನಿಂದ ಬಂತು. 1962ರಲ್ಲಿ ಜಕಾರ್ತದ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದ ಅರುಮೈನಾಯಗಂ ಕೂಡ ಬೆಂಗಳೂರಿನ ಹುಡುಗ.

ಈ ಹೆಸರುಗಳನ್ನು ಇನ್ನೊಮ್ಮೆ ಮನಸ್ಸಿನಲ್ಲೇ ಹೇಳಿಕೊಳ್ಳಿ. ಇವರ ಚರಿತ್ರೆ ಕನ್ನಡದಲ್ಲಿ ಏಕೆ ದಪ್ಪ ಪುಸ್ತಕವಾಗಲಿಲ್ಲ ಎಂಬುದಕ್ಕೆ ಉತ್ತರ ಅಲ್ಲೇ ಇದೆ. ಹಳೆಯ ಮೈಸೂರು ರಾಜ್ಯದ ಅಂಗಿ ತೊಟ್ಟು, ರಾಜ್ಯಗಳ ನಡುವಿನ ರಾಷ್ಟ್ರೀಯ ಫುಟ್‌ಬಾಲ್ ಟೂರ್ನಿಯಾದ ಸಂತೋಷ್ ಟ್ರೋಫಿ ತಂದವರನ್ನು ನಾವು ‘ದಂಡಿನವರು’ ಎಂದು ಆಚೆ ಕೂರಿಸಿದೆವು. ತಮಿಳುನಾಡಿನಲ್ಲಿ ಬದುಕು ಕಟ್ಟಿಕೊಂಡ ಕನ್ನಡಿಗರಾದ ನಮಗೆ, ಒಂದು ಊರಿಗಾಗಿ ಬೆವರು ಸುರಿಸಿಯೂ ಹೊರಗಿನವನೆನಿಸುವುದು ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಹೊಟ್ಟೆಪಾಡಿನ ವಿಷಯ. ಅಹಮದ್ ಖಾನ್, ಧನರಾಜ್ ಇಬ್ಬರೂ ಕಲ್ಕತ್ತೆಗೆ ಹೋಗಿ ಈಸ್ಟ್ ಬೆಂಗಾಲ್‌ನ ‘ಪಂಚ ಪಾಂಡವ’ರೆಂಬ ಐವರು ಮುನ್ನಡೆ ಆಟಗಾರರಲ್ಲಿ ಸೇರಿಹೋದರು. ಬೆಂಗಳೂರಿನಲ್ಲೇ ಉಳಿದವರನ್ನು ಸಾಕಿದ್ದು ಕಾರ್ಖಾನೆಗಳು. ಎಚ್‌ಎಎಲ್, ಐಟಿಐಗಳಂಥ ತಂಡಗಳು ಲೀಗಿನ ಬೆನ್ನೆಲುಬಾದವು. ಆಟಗಾರನ ಕೆಲಸ ಬೆಳಿಗ್ಗೆ ಹಾಜರಿ ಹಾಕುವುದು, ಮಧ್ಯಾಹ್ನದವರೆಗೆ ಮೆಷಿನ್ ಮುಂದೆ ನಿಲ್ಲುವುದು, ಊಟ ಮುಗಿಸಿ ಕಿಟ್ ಹೆಗಲಿಗೇರಿಸಿ ಮೈದಾನಕ್ಕೆ ಹೊರಡುವುದು. ಪಂದ್ಯದ ದಿನ ರಿಜಿಸ್ಟರಿನಲ್ಲಿ ‘ಆನ್ ಡ್ಯೂಟಿ’. ಇದನ್ನು ಹವ್ಯಾಸಿ ಆಟವೆನ್ನಲೂ ಆಗದು, ಪೂರ್ಣ ವೃತ್ತಿಪರ ಎನ್ನಲೂ ಆಗದು. ಆದರೆ ಮೊಣಕಾಲು ಹೋದರೂ ಕೆಲಸ ಹೋಗುತ್ತಿರಲಿಲ್ಲ, ಬೂಟು ಕಳಚಿದ ಮೇಲೂ ತಿಂಗಳ ಸಂಬಳ ಬರುತ್ತಿತ್ತು. ಚೆನ್ನೈ ಲೀಗೂ ಹೀಗೆಯೇ ನಡೆಯಿತು. ಐಸಿಎಫ್, ಇಂಡಿಯನ್ ಬ್ಯಾಂಕ್, ಏಜೀಸ್ ಆಫೀಸಿನ ತಂಡಗಳ ಆಟ ಕಂಡವರು ಈ ಸಭೆಯಲ್ಲೂ ಇರಬಹುದು.

ತೊಂಬತ್ತರ ದಶಕದ ನಂತರ ಸಾರ್ವಜನಿಕ ಉದ್ಯಮಗಳಲ್ಲಿ ನೇಮಕಾತಿಗೆ ಕಡಿವಾಣ ಬಿತ್ತು. ಕ್ರೀಡಾ ಕೋಟಾ ಸೊರಗಿತು, ಲೀಗಿಗೆ ಅದರ ಬಿಸಿ ತಟ್ಟಿತು. ಎಚ್‌ಎಎಲ್ ಮಾತ್ರ ಛಲ ಬಿಡದೆ 2010–11, 2011–12ರಲ್ಲಿ ಆಗ ದೇಶದ ಅಗ್ರ ಲೀಗಾಗಿದ್ದ ಐ-ಲೀಗ್‌ವರೆಗೂ ಹೋಗಿ ಆಡಿ ಬಂತು. 2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿ ಮೊದಲ ಸಲವೇ ಐ-ಲೀಗ್ ಗೆದ್ದಾಗ ಅಶೋಕನಗರದ ಹಳೆಯ ಸ್ಟೇಡಿಯಂ ಕಿಕ್ಕಿರಿಯಿತು. ನನಗೂ ಸಂತೋಷವೇ. ಆದರೆ ಆ ಕ್ಲಬ್ಬಿನಿಂದಲೇ ಬೆಂಗಳೂರಿನಲ್ಲಿ ಫುಟ್‌ಬಾಲ್ ಶುರುವಾಯಿತು ಎಂಬಂತೆ ಮಾತಾಡುವ ತರುಣರನ್ನು ಕಂಡರೆ ಸಿಟ್ಟು ಬರುತ್ತದೆ. ತಪ್ಪು ಅವರದಲ್ಲ, ಹೇಳಬೇಕಾದವರು ಹೇಳಲಿಲ್ಲ.

2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಕರ್ನಾಟಕ 54 ವರ್ಷಗಳ ಮೇಲೆ ಸಂತೋಷ್ ಟ್ರೋಫಿ ಗೆದ್ದಿತು. ಕರ್ನಾಟಕವೆಂಬ ಹೆಸರಿನಲ್ಲಿ ಅದೇ ಮೊದಲು. ಹಿಂದಿನ ನಾಲ್ಕು ಗೆಲುವು ಮೈಸೂರಿನ ಹೆಸರಿನವು. ಗೋಲು ಹೊಡೆದವರು ಸುನಿಲ್ ಕುಮಾರ್, ಬೇಕೆ ಓರಾಮ್, ರಾಬಿನ್ ಯಾದವ್. ಈ ತಂಡದ ಮನೆಮಾತು ಕೇಳುವ ತಪ್ಪನ್ನು ನಾವು ಎರಡನೇ ಸಲ ಮಾಡುವುದು ಬೇಡ.

ಸಮಾವೇಶದ ಮುಂದೆ ನನ್ನದೊಂದೇ ಬೇಡಿಕೆ. ಬೆಂಗಳೂರಿನ ಕಾರ್ಖಾನೆಗಳಲ್ಲಿ ದುಡಿದು, ನಿವೃತ್ತರಾಗಿ, ಮಕ್ಕಳ ಜೊತೆ ಚೆನ್ನೈಗೆ ಬಂದವರು ನಮ್ಮ ನಡುವೆ ಇದ್ದಾರೆ. ಅವರ ಟ್ರಂಕಿನಲ್ಲಿ ತಂಡದ ಫೋಟೊ, ಪಂದ್ಯದ ಕರಪತ್ರ, ಲೀಗಿನ ಗುರುತಿನ ಚೀಟಿ ಇದ್ದೀತು. ಅವನ್ನು ಹೊರತೆಗೆಯಿಸಿ. ಫೋಟೊದ ಹಿಂದೆ ಯಾರು ಯಾರೆಂದು ಅವರ ಕೈಯಿಂದಲೇ ಬರೆಸಿಕೊಳ್ಳಿ, ಅವರು ಹೇಳಿದ್ದನ್ನು ಮೊಬೈಲಿನಲ್ಲಿ ದಾಖಲಿಸಿ. ಅವರು ತಮಿಳಿನಲ್ಲೋ ದಖನಿಯಲ್ಲೋ ಹೇಳಲಿ, ಕನ್ನಡಕ್ಕೆ ತರುವ ಕೆಲಸ ನಮ್ಮದು. ಮುಂದಿನ ಸಮಾವೇಶಕ್ಕೆ ಬರುವವರು ಬರಿಗೈಯಲ್ಲಿ ಬರಬೇಡಿ.