ಆಟಗಾರನ ದಣಿವೂ ದೇಹದ ಕಾವಲೂ

(ಸಂಘದ ವಾರ್ಷಿಕೋತ್ಸವದ ಸಂದರ್ಭದಲ್ಲಿ ಮಾಡಿದ ಭಾಷಣ)



ಈ ಕನ್ನಡ ಶಾಲೆಯ ಅಂಗಳದಲ್ಲಿ ನಿಂತು ನಾಲ್ಕು ಮಾತುಗಳನ್ನಾಡುವ ಅವಕಾಶ ದೊರೆತುದು ನಮ್ಮ ಭಾಗ್ಯವೆಂದು ತಿಳಿಯುತ್ತೇವೆ. ವಾರ್ಷಿಕೋತ್ಸವದಂದು ನಾಡುನುಡಿಗಳ ವಿಷಯವಾಗಿ ಮಾತನಾಡುವುದು ವಾಡಿಕೆ. ನಾವಾದರೋ ಇಂದು ಕಾಲ್ಚೆಂಡಾಟದ ವಿಷಯವನ್ನು ಆರಿಸಿಕೊಂಡಿದ್ದೇವೆ. ಕಾಸರಗೋಡಿನ ಮಕ್ಕಳಿಗೆ ಈ ಆಟವನ್ನು ಪರಿಚಯ ಮಾಡಿಕೊಡಬೇಕಾದ ಅಗತ್ಯವಿಲ್ಲ. ಮಳೆಗಾಲ ಕಳೆದು ಗದ್ದೆಗಳು ಬರಿದಾದೊಡನೆ ಮಲಬಾರಿನ ಊರೂರುಗಳಲ್ಲಿ ಏಳೇಳು ಮಂದಿಯ ‘ಸೆವೆನ್ಸ್’ ಪಂದ್ಯಗಳು ದೀಪದ ಬೆಳಕಿನಲ್ಲಿ ನಡೆಯತೊಡಗುತ್ತವೆ. ಆಟವನ್ನು ಕುರಿತು ನೀವೇ ನಮಗೆ ಪಾಠ ಹೇಳಬಲ್ಲಿರಿ. ಆದರೆ ಆಟದ ದಣಿವಿಗೂ ದೇಹದ ರೋಗನಿರೋಧಕ ಶಕ್ತಿಗೂ ಇರುವ ನಂಟನ್ನು ಕುರಿತು ನಾವು ತಿಳಿದುಕೊಂಡ ಕೆಲವು ಸಂಗತಿಗಳನ್ನು ನಿಮ್ಮ ಮುಂದಿಡಬೇಕೆಂದಿದ್ದೇವೆ.

ಇದನ್ನು ಆರಿಸಿಕೊಂಡುದಕ್ಕೆ ಒಂದು ಕಾರಣವುಂಟು. ಅದು ನಮ್ಮದೇ ತಪ್ಪು. ಹಲವು ವರ್ಷಗಳ ಹಿಂದೆ ನಾವು ಶಾಲೆಯೊಂದರ ಆಟದ ಮೇಲ್ವಿಚಾರಣೆ ನೋಡಿಕೊಳ್ಳುತ್ತಿದ್ದೆವು. ನಾಲ್ಕು ದಿನಗಳಲ್ಲಿ ಮೂರು ಪಂದ್ಯಗಳನ್ನಾಡಿದ ಹುಡುಗನೊಬ್ಬನು ಅಂತಿಮ ಪಂದ್ಯದ ಬೆಳಿಗ್ಗೆ ನಮ್ಮೆಡೆಗೆ ಬಂದು, ಗಂಟಲು ನೋಯುತ್ತಿದೆ, ಮೈ ಬಿಸಿಯಾಗಿದೆ ಎಂದನು. ‘ಆಟಗಾರನಿಗೂ ಜ್ವರವೇ? ಬೆವರು ಹರಿದರೆ ಎಲ್ಲವೂ ಹೋಗುತ್ತದೆ’ ಎಂದು ನಾವು ನಗುತ್ತ ಅವನನ್ನು ಕಣಕ್ಕಿಳಿಸಿದೆವು. ಪಂದ್ಯವನ್ನೇನೋ ಗೆದ್ದೆವು. ಹುಡುಗನು ಮೂರು ವಾರ ಹಾಸಿಗೆ ಹಿಡಿದನು, ಪರೀಕ್ಷೆಯೂ ತಪ್ಪಿಹೋಯಿತು. ಅವನ ತಾಯಿ ನಮ್ಮನ್ನು ಒಂದು ಮಾತೂ ಆಡಲಿಲ್ಲ. ಆ ಮೌನವೇ ನಮ್ಮನ್ನು ಈ ವಿಷಯದ ಓದಿಗೆ ಹಚ್ಚಿತು.

ಮೊದಲು ದೇಹದ ಕಾವಲು ಯಾವ ಬಗೆಯದೆಂಬುದನ್ನು ನೋಡೋಣ. ಮನೆಗೆ ಹೆಬ್ಬಾಗಿಲಿರುವಂತೆ ದೇಹಕ್ಕೆ ಬಾಯಿ, ಮೂಗು, ಗಂಟಲುಗಳು ಬಾಗಿಲುಗಳು. ನೆಗಡಿ, ಕೆಮ್ಮುಗಳನ್ನುಂಟುಮಾಡುವ ವೈರಸ್ಸುಗಳು ಬಹುಮಟ್ಟಿಗೆ ಈ ಬಾಗಿಲಿನಿಂದಲೇ ಒಳನುಗ್ಗುತ್ತವೆ. ಅಲ್ಲಿಯ ಜೊಲ್ಲಿನಲ್ಲಿಯೂ ಲೋಳೆಯಲ್ಲಿಯೂ ‘ಐಜಿಎ’ ಎಂಬ ಪ್ರತಿಕಾಯವೊಂದು ಕಾವಲುಗಾರನಂತೆ ನಿಂತು, ಬಂದ ರೋಗಾಣುಗಳು ಒಳಚರ್ಮಕ್ಕೆ ಅಂಟಿಕೊಳ್ಳದಂತೆ ತಡೆಯುತ್ತದೆ. ಇದನ್ನು ದಾಟಿ ಬಂದವುಗಳನ್ನು ಎದುರಿಸುವುದಕ್ಕೆ ರಕ್ತದಲ್ಲಿಯೂ ಅಂಗಾಂಗಗಳಲ್ಲಿಯೂ ಬಿಳಿಯ ಕಣಗಳ ದಂಡಿದೆ.

ಕಠಿಣ ಪರಿಶ್ರಮದ ಕಾಲದಲ್ಲಿ ಅಡ್ರಿನಲಿನ್, ಕಾರ್ಟಿಸಾಲ್ ಮುಂತಾದ ರಸಗಳು ರಕ್ತದಲ್ಲಿ ಏರುತ್ತವೆ. ಆಗ ಬಿಳಿಯ ಕಣಗಳು ಮೊದಲು ರಕ್ತಕ್ಕೆ ನುಗ್ಗಿ ಬರುತ್ತವೆ; ಆಟ ಮುಗಿದ ಒಂದೆರಡು ಗಂಟೆಗಳಲ್ಲಿ ಅವುಗಳಲ್ಲಿ ಕೆಲವು ಜಾತಿಯವು ಮೊದಲಿದ್ದುದಕ್ಕಿಂತಲೂ ಕಡಮೆಯಾಗುತ್ತವೆ; ಸಾಮಾನ್ಯವಾಗಿ ಒಂದು ದಿನದೊಳಗೆ ಮತ್ತೆ ಮೊದಲಿನಂತಾಗುತ್ತವೆ. ಈ ಇಳಿತದ ಹೊತ್ತನ್ನು ವಿಜ್ಞಾನಿಗಳು ‘ತೆರೆದ ಕಿಟಕಿ’ ಎಂದು ಕರೆದರು. ಕಿಟಕಿ ಮುಚ್ಚುವ ಮುನ್ನವೇ ಮತ್ತೊಂದು ಪಂದ್ಯ ಬಂದರೆ ಗತಿಯೇನು? ಪ್ರಶ್ನೆಯಿರುವುದು ಅಲ್ಲಿಯೇ.

ಈ ವಿಚಾರವು ಮೊದಲು ಬೆಳೆದುದು ಕಾಲ್ಚೆಂಡಾಟದಿಂದಲ್ಲ. ೧೯೮೨ರಲ್ಲಿ ಅಮೆರಿಕದ ಹಿಮಜಾರು ಓಟಗಾರರ ಜೊಲ್ಲನ್ನು ಪರೀಕ್ಷಿಸಿದ ಟೊಮಾಸಿಯೆಂಬ ವೈದ್ಯ ವಿಜ್ಞಾನಿಯೂ ಸಂಗಡಿಗರೂ, ಸ್ಪರ್ಧೆಯ ಅನಂತರ ಐಜಿಎ ತಗ್ಗಿದುದನ್ನು ಕಂಡರು. ಆ ಬಳಿಕ ೧೯೮೭ರ ಲಾಸ್ ಏಂಜಲೀಸ್ ಮ್ಯಾರಥಾನ್ ಓಟಗಾರರನ್ನು ಡೇವಿಡ್ ನೀಮನ್ ಅವರು ವಿಚಾರಿಸಿದಾಗ, ಓಡಿದವರಲ್ಲಿ ನೂರಕ್ಕೆ ೧೨.೯ ಮಂದಿಗೆ ಮುಂದಿನ ಒಂದು ವಾರದಲ್ಲಿ ನೆಗಡಿ ಮೊದಲಾದ ಬೇನೆಗಳು ಬಂದಿದ್ದುವು. ಅವರಂತೆಯೇ ಅಭ್ಯಾಸ ಮಾಡಿದ್ದು ಅಂದು ಓಡದೆ ಉಳಿದವರಲ್ಲಿ ನೂರಕ್ಕೆ ೨.೨ ಮಂದಿಗೆ ಮಾತ್ರ. ನೀಮನ್ನರು ಇವೆಲ್ಲವನ್ನೂ ಕೂಡಿಸಿ ಇಂಗ್ಲಿಷಿನ ‘ಜೆ’ ಅಕ್ಷರದಂತಹ ರೇಖೆಯೊಂದನ್ನು ಎಳೆದರು. ಸೋಮಾರಿಗೆ ರೋಗದ ಭಯ ಸಾಧಾರಣ; ಹಿತಮಿತವಾಗಿ ವ್ಯಾಯಾಮ ಮಾಡುವವನಿಗೆ ಅದಕ್ಕಿಂತ ಕಡಮೆ; ಅತಿಯಾಗಿ ದಣಿಯುವವನಿಗೆ ಎಲ್ಲರಿಗಿಂತಲೂ ಹೆಚ್ಚು.

ಇನ್ನು ಕಾಲ್ಚೆಂಡಾಟಕ್ಕೆ ಬರೋಣ. ಉನ್ನತ ಮಟ್ಟದ ಆಟಗಾರನು ಒಂದು ಪಂದ್ಯದಲ್ಲಿ ಸುಮಾರು ೧೦ರಿಂದ ೧೨ ಕಿಲೋಮೀಟರು ದೂರವನ್ನು ಓಡಿಯೂ ನಡೆದೂ ಕ್ರಮಿಸುತ್ತಾನೆ. ಇಂಗ್ಲೆಂಡಿನಲ್ಲಿ ಕ್ರಿಸ್‌ಮಸ್ ಕಾಲವೆಂದರೆ ಪಂದ್ಯಗಳ ಸುಗ್ಗಿ. ಎರಡು ಮೂರು ದಿನಗಳಿಗೊಮ್ಮೆ ಆಡಬೇಕಾಗುವುದುಂಟು. ಅಲ್ಲಿಯ ಪ್ರೀಮಿಯರ್ ಲೀಗಿನ ಆಟಗಾರರ ಜೊಲ್ಲನ್ನು ಅಂತಹ ಚಳಿಗಾಲವೊಂದರಲ್ಲಿ ಪಂದ್ಯದಿಂದ ಪಂದ್ಯಕ್ಕೆ ಪರೀಕ್ಷಿಸಿದ ವರದಿಯೊಂದು ೨೦೧೪ರಲ್ಲಿ ಪ್ರಕಟವಾಯಿತು. ಪಂದ್ಯಗಳು ಒತ್ತೊತ್ತಾಗಿ ಬಂದಾಗ ಐಜಿಎ ಕುಗ್ಗಿತು. ಬಿಡುವು ದೊರೆತಾಗ ಮತ್ತೆ ಮೇಲೇರಿತು. ಕುಗ್ಗಿತೆಂಬುದು ಎಷ್ಟು ಮುಖ್ಯವೋ ಬಿಡುವಿನಿಂದ ಮರಳಿತೆಂಬುದೂ ಅಷ್ಟೇ ಮುಖ್ಯ.

ಐಜಿಎ ಕುಗ್ಗಿದರೆ ರೋಗ ಬಂದೇ ಬರುವುದೆ? ೨೦೦೮ರಲ್ಲಿ ನೆವಿಲ್, ಗ್ಲೀಸನ್, ಫೋಲೆಂಡ್ ಎಂಬುವರು ಅಮೆರಿಕಾ ಕಪ್ ಹಾಯಿದೋಣಿ ಸ್ಪರ್ಧೆಯ ೩೮ ಮಂದಿಯನ್ನು ೫೦ ವಾರಗಳ ಕಾಲ ಗಮನಿಸಿದ ವರದಿಯನ್ನು ಪ್ರಕಟಿಸಿದರು. ಒಬ್ಬನ ಐಜಿಎ, ಅವನು ಆರೋಗ್ಯವಾಗಿದ್ದಾಗಿನ ಸರಾಸರಿಯ ನೂರಕ್ಕೆ ೪೦ರ ಕೆಳಗಿಳಿದರೆ, ಮೂರು ವಾರಗಳೊಳಗೆ ನೆಗಡಿ ಕೆಮ್ಮುಗಳು ಬರುವ ಸಂಭವ ಎರಡರಲ್ಲಿ ಒಂದು ಎಂದು ಅವರು ಕಂಡರು. ಇಲ್ಲಿ ಅಳತೆಗೋಲು ಅವನವನ ದೇಹವೇ ಹೊರತು ಪಕ್ಕದವನ ದೇಹವಲ್ಲವೆಂಬುದನ್ನು ಗಮನಿಸಬೇಕು. ಅವನು ತಾಳಿದನಲ್ಲ, ನೀನೇಕೆ ತಾಳಲಾರೆ ಎಂದು ಕೇಳುವ ನಮ್ಮಂತಹ ಮೇಲ್ವಿಚಾರಕರಿಗೆ ಇದೇ ಉತ್ತರ.

ಒಂದು ಪಕ್ಷವನ್ನಷ್ಟೇ ಹೇಳಿ ಮುಗಿಸಿದರೆ ನಿಮಗೆ ಅನ್ಯಾಯ ಮಾಡಿದಂತಾದೀತು. ೨೦೧೮ರಲ್ಲಿ ಬಾತ್ ವಿಶ್ವವಿದ್ಯಾಲಯದ ಕ್ಯಾಂಬೆಲ್ ಮತ್ತು ಟರ್ನರ್ ಎಂಬ ವಿದ್ವಾಂಸರು ‘ತೆರೆದ ಕಿಟಕಿ’ಯ ವಾದವನ್ನೇ ಆಕ್ಷೇಪಿಸಿದರು. ಆಟದ ಬಳಿಕ ರಕ್ತದಲ್ಲಿ ಕಣಗಳು ಕಡಮೆಯಾಗಿ ಕಂಡರೆ ಅವು ಸತ್ತುವೆಂದು ಅರ್ಥವಲ್ಲ. ಶ್ವಾಸಕೋಶ, ಕರುಳು ಮುಂತಾದ ಎಡೆಗಳಿಗೆ ಪಹರೆಗಾಗಿ ತೆರಳಿರಬೇಕು. ಜನಸಂದಣಿ, ಪ್ರಯಾಣ, ನಿದ್ರೆಗೇಡು, ಚಿಂತೆ, ಅರೆಹೊಟ್ಟೆ ಇವುಗಳೂ ಆಟಗಾರನಿಗೆ ರೋಗವನ್ನು ತರುತ್ತವಲ್ಲವೇ ಎಂಬುದು ಅವರ ವಾದ. ಈ ಚರ್ಚೆ ವಿದ್ವಾಂಸರಲ್ಲಿ ಇನ್ನೂ ಮುಗಿದಿಲ್ಲ. ಯೂರೋಪಿನ ವೃತ್ತಿನಿರತ ತಂಡಗಳನ್ನು ಕುರಿತು ೨೦೧೬ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆಯೊಂದರ ಪ್ರಕಾರ, ಸರಾಸರಿ ಆಟಗಾರನೊಬ್ಬನು ಎರಡು ಋತುಗಳಿಗೊಮ್ಮೆ ಮಾತ್ರ ಕಾಯಿಲೆಯಿಂದ ಆಟ ತಪ್ಪಿಸಿಕೊಳ್ಳುತ್ತಾನೆ. ಆ ಕಾಯಿಲೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಉಸಿರಾಟದ ಬೇನೆಗಳು. ಅವನನ್ನು ಹೆಚ್ಚು ಕಾಲ ಹೊರಗಿರಿಸುವುದು ಪೆಟ್ಟುಗಳೇ. ಆದುದರಿಂದ ಆಟವೇ ರೋಗದ ಮೂಲವೆಂದು ಹೆದರಿ ಯಾವ ತಾಯಿಯೂ ಮಗುವನ್ನು ಒಳಗೆ ಕೂಡಿಹಾಕಬೇಕಾದುದಿಲ್ಲ.

ಹಾಗಾದರೆ ಎರಡು ಪಕ್ಷಗಳೂ ಒಪ್ಪುವ ಮಾತು ಯಾವುದು? ದುಡಿಮೆಯಿಂದ ದೇಹ ಕೆಡುವುದಿಲ್ಲ. ದುಡಿಮೆಯ ಸಾಲವನ್ನು ವಿಶ್ರಾಂತಿಯಿಂದ ತೀರಿಸದಿದ್ದರೆ ಕೆಡುತ್ತದೆ. ನಮ್ಮ ಒಕ್ಕಲಿಗನು ಇದನ್ನು ಬಲ್ಲನು. ಎತ್ತನ್ನು ದಿನವಿಡೀ ಹೂಡಿ, ಸಂಜೆ ಹುಲ್ಲು ನೀರು ಕಾಣಿಸದೆ, ಮರುದಿನ ಮತ್ತೆ ನೊಗಕ್ಕೆ ಕಟ್ಟುವವನು ಬೇಸಾಯಗಾರನಲ್ಲ.

ಹೊರೆಯನ್ನು ಅಳೆಯುವುದಕ್ಕೆ ದೊಡ್ಡ ಯಂತ್ರಗಳು ಬೇಕಾದುದಿಲ್ಲ. ಕಾರ್ಲ್ ಫಾಸ್ಟರ್ ಎಂಬ ಅಮೆರಿಕದ ವಿದ್ವಾಂಸರು ಹಳ್ಳಿಯ ಶಾಲೆಯಲ್ಲಿಯೂ ನಡೆಯಬಲ್ಲ ಉಪಾಯವೊಂದನ್ನು ಬಳಕೆಗೆ ತಂದರು. ಆಟ ಮುಗಿದ ಅರ್ಧ ಗಂಟೆಯ ಬಳಿಕ, ಎಷ್ಟು ಕಷ್ಟವಾಯಿತೆಂದು ಆಟಗಾರನನ್ನೇ ಕೇಳಿ, ಸೊನ್ನೆಯಿಂದ ೧೦ರವರೆಗೆ ಒಂದು ಅಂಕವನ್ನು ಹೇಳಿಸಬೇಕು. ಆ ಅಂಕವನ್ನು ಆಡಿದ ನಿಮಿಷಗಳಿಂದ ಗುಣಿಸಬೇಕು. ೯೦ ನಿಮಿಷ ಆಡಿದವನು ೭ ಎಂದರೆ ಅಂದಿನ ಹೊರೆ ೬೩೦. ೬೦ ನಿಮಿಷದ ಹಗುರವಾದ ಅಭ್ಯಾಸಕ್ಕೆ ೩ ಎಂದರೆ ೧೮೦. ಪ್ರತಿದಿನ ಹೀಗೆ ಬರೆದಿಟ್ಟರೆ ವಾರದ ಲೆಕ್ಕ ಕಣ್ಣ ಮುಂದಿರುತ್ತದೆ. ಹೊರೆ ಹಠಾತ್ತಾಗಿ ಏರಿದ ವಾರಗಳ ಹಿಂದೆಯೇ ಕಾಯಿಲೆಗಳು ಬರುವುದನ್ನು ಫಾಸ್ಟರರು ೧೯೯೮ರ ಬರಹದಲ್ಲಿ ತೋರಿಸಿದರು. ಹಗುರ ದಿನವೆಂಬುದೇ ಇಲ್ಲದೆ ಎಲ್ಲ ದಿನಗಳೂ ಒಂದೇ ತೂಕದವಾದರೆ ಅದೂ ಒಳ್ಳೆಯದಲ್ಲವೆಂದರು. ಈ ಶಾಲೆಯ ಮಕ್ಕಳಿಗೆ ಗುಣಾಕಾರ ಬರುತ್ತದೆ. ಬೇಕಾದುದು ಒಂದು ಪುಸ್ತಕ, ಒಂದು ಪೆನ್ಸಿಲು.

ಎರಡನೆಯದು ನಿದ್ರೆ. ೨೦೧೫ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ ಆರೋಗ್ಯವಂತರಾದ ೧೬೪ ಮಂದಿಯ ಮೂಗಿಗೆ ನೆಗಡಿಯ ವೈರಸ್ಸನ್ನು ಬಿಟ್ಟು ನೋಡಿದರು. ಏಳು ಗಂಟೆಗಿಂತ ಹೆಚ್ಚು ನಿದ್ರಿಸುತ್ತಿದ್ದವರೊಡನೆ ಹೋಲಿಸಿದರೆ, ಆರು ಗಂಟೆಗಿಂತ ಕಡಮೆ ನಿದ್ರಿಸುತ್ತಿದ್ದವರಿಗೆ ನೆಗಡಿ ಹತ್ತುವ ಸಂಭವ ನಾಲ್ಕು ಪಟ್ಟಿಗೂ ಮಿಕ್ಕಿತ್ತು. ಅವರು ಕಾಲ್ಚೆಂಡಾಟಗಾರರಲ್ಲ; ಆದರೆ ರಾತ್ರಿಯ ಪಂದ್ಯ ಮುಗಿಸಿ ನಡುರಾತ್ರಿ ಮನೆ ಸೇರುವ ನಮ್ಮ ಹುಡುಗರಿಗೆ ಈ ಮಾತು ಚೆನ್ನಾಗಿ ಅನ್ವಯಿಸುತ್ತದೆ. ಮೂರನೆಯದು ಅನ್ನ. ಹೊಟ್ಟೆ ಬರಿದಾಗಿಟ್ಟು ದೀರ್ಘಕಾಲ ದಣಿದರೆ ಕಾರ್ಟಿಸಾಲ್ ಹೆಚ್ಚು ಏರುತ್ತದೆ. ಅನ್ನ, ಬಾಳೆಹಣ್ಣು, ಬೆಲ್ಲದ ನೀರು ಮುಂತಾದ ಪಿಷ್ಟ ಸಕ್ಕರೆಗಳು ದೊರೆತರೆ ಆ ಏರಿಕೆ ತಗ್ಗುತ್ತದೆ. ನಾಲ್ಕನೆಯದು, ಕೈ ತೊಳೆಯುವುದೂ ನೀರಿನ ಬಾಟಲಿಯನ್ನು ಒಬ್ಬರದನ್ನೊಬ್ಬರು ಬಳಸದಿರುವುದೂ. ಇಡೀ ತಂಡಕ್ಕೆ ಒಂದೇ ಬಾಟಲಿಯಾದರೆ ಒಬ್ಬನ ನೆಗಡಿ ಹನ್ನೊಂದು ಮಂದಿಯದಾಗುತ್ತದೆ.

ಐದನೆಯದನ್ನು ವಿಶೇಷವಾಗಿ ನೆನಪಿನಲ್ಲಿಡಬೇಕೆಂದು ಬೇಡಿಕೊಳ್ಳುತ್ತೇವೆ. ಮೂಗು ಸೋರುವುದು, ಸೀನು ಮುಂತಾಗಿ ಬೇನೆ ಕುತ್ತಿಗೆಯ ಮೇಲಷ್ಟೇ ಇದ್ದು, ಮೈ ಬಿಸಿಯಿಲ್ಲದಿದ್ದರೆ ಹಗುರವಾದ ಅಭ್ಯಾಸಕ್ಕೆ ಅಡ್ಡಿಯಿಲ್ಲವೆಂದು ಕ್ರೀಡಾವೈದ್ಯರು ಸಾಮಾನ್ಯವಾಗಿ ಹೇಳುತ್ತಾರೆ. ಜ್ವರ, ಮೈಕೈ ನೋವು, ಎದೆಯ ಕೆಮ್ಮು, ಏದುಸಿರು ಇವುಗಳಲ್ಲಿ ಒಂದಿದ್ದರೂ ಆಡತಕ್ಕದ್ದಲ್ಲ. ಕೆಲವು ವೈರಸ್ಸುಗಳು ಹೃದಯದ ಸ್ನಾಯುವಿಗೂ ತಗಲಬಲ್ಲವು. ಆ ಹೊತ್ತಿನಲ್ಲಿ ಕಠಿಣವಾಗಿ ದಣಿದರೆ ಪ್ರಾಣಕ್ಕೇ ಅಪಾಯವುಂಟಾಗಬಹುದು. ಬೆವರಿನಿಂದ ಜ್ವರ ಹೋಗುತ್ತದೆಂಬ ನಮ್ಮ ಅಂದಿನ ಮಾತು ಅಜ್ಞಾನದ ಮಾತಾಗಿತ್ತು.

ದೊಡ್ಡವರ ಲೋಕದಲ್ಲಿಯೂ ಈ ಪಾಠ ಇನ್ನೂ ಪೂರ್ತಿಯಾಗಿಲ್ಲ. ೨೦೨೪ರಿಂದ ಯೂರೋಪಿನ ಚಾಂಪಿಯನ್ಸ್ ಲೀಗಿನ ಮೊದಲ ಹಂತದಲ್ಲಿ ತಂಡವೊಂದಕ್ಕೆ ಆರರ ಬದಲು ಎಂಟು ಪಂದ್ಯಗಳಾದುವು. ೨೦೨೫ರ ಬೇಸಗೆಯಲ್ಲಿ ೩೨ ತಂಡಗಳ ಕ್ಲಬ್ ವಿಶ್ವಕಪ್ ಅಮೆರಿಕದಲ್ಲಿ ನಡೆಯಿತು. ೨೦೨೪ರ ಸೆಪ್ಟೆಂಬರಿನಲ್ಲಿ ಮ್ಯಾಂಚೆಸ್ಟರ್ ಸಿಟಿ ತಂಡದ ರೋಡ್ರಿಯವರು, ಪಂದ್ಯಗಳ ಹೊರೆಯಿಂದ ಆಟಗಾರರು ಮುಷ್ಕರದ ಸಮೀಪಕ್ಕೆ ಬಂದಿದ್ದಾರೆಂದು ಬಹಿರಂಗವಾಗಿ ಹೇಳಬೇಕಾಯಿತು. ಹಣವೂ ವೈದ್ಯರೂ ಬೇಕಾದಷ್ಟಿರುವ ಕಡೆಯಲ್ಲಿಯೇ ವಿಶ್ರಾಂತಿಯನ್ನು ಬಾಯಿಬಿಟ್ಟು ಕೇಳಬೇಕಾಗಿರುವಾಗ, ಬಾಯಿಯಿಲ್ಲದ ನಮ್ಮ ಮಕ್ಕಳ ಪರವಾಗಿ ಕೇಳಬೇಕಾದವರು ನಾವಲ್ಲವೇ?

ಉಪಾಧ್ಯಾಯ ಬಂಧುಗಳಲ್ಲಿ ನಮ್ಮ ಅರಿಕೆ ಇಷ್ಟೆ. ಹುಡುಗನೊಬ್ಬನು ಬಂದು ಮೈ ಸರಿಯಿಲ್ಲವೆಂದಾಗ ನಗಬೇಡಿರಿ. ಈ ವಾರ ಎಷ್ಟು ಹೊತ್ತು ಆಡಿದೆ, ನಿನ್ನೆ ಎಷ್ಟು ಹೊತ್ತು ನಿದ್ರಿಸಿದೆ, ಜ್ವರವಿದೆಯೇ ಎಂದು ಮೂರು ಪ್ರಶ್ನೆಗಳನ್ನು ಕೇಳಿರಿ. ನಾವು ಅಂದು ಕೇಳದೆ ಹೋದ ಪ್ರಶ್ನೆಗಳಿವು. ಮಕ್ಕಳೇ, ನೀವೂ ಕೇಳಿರಿ: ಇಂದು ಆಡಲಾರೆನೆಂದು ಹೇಳುವುದು ಹೇಡಿತನವಲ್ಲ. ತಂಡಕ್ಕೆ ನಾಳೆಯೂ ನೀವು ಬೇಕು. ನಿಮ್ಮ ಮನೆಯವರಿಗಂತೂ ಎಂದೆಂದಿಗೂ ಬೇಕು.

ನಮ್ಮ ಆ ಹುಡುಗನು ಚೇತರಿಸಿಕೊಂಡು, ಮರುವರ್ಷ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಮತ್ತೆ ಆಟಕ್ಕೂ ಇಳಿದನೆಂದು ತಿಳಿಸಲು ಸಂತೋಷಪಡುತ್ತೇವೆ. ಗೆದ್ದ ಬಟ್ಟಲು ಆ ಶಾಲೆಯ ಕಪಾಟಿನಲ್ಲಿತ್ತು. ಅದನ್ನು ಕಂಡಾಗಲೆಲ್ಲ ನಮಗೆ ನೆನಪಾಗುತ್ತಿದ್ದುದು ಗೆಲುವಲ್ಲ, ಅವನ ತಾಯಿಯ ಮೌನ.