ಫೆಬ್ರವರಿ ನಾಲ್ಕರ ಮೂರು ದನಿಗಳು

(2024ರ ಫೆಬ್ರವರಿ 4ರ ಭಾನುವಾರ ಮಣಲಿಯಲ್ಲಿ ಸೇರಿದ್ದ ಮಹಿಳಾ ವೇದಿಕೆಯ ಸಭೆಯಲ್ಲಿ ಆಡಿದ ಮಾತು)



ಹೋದ ತಿಂಗಳು ಕಾರ್ಯದರ್ಶಿಗಳು ಫೋನ್ ಮಾಡಿ, "ಸಭೆ ಫೆಬ್ರವರಿ ನಾಲ್ಕಕ್ಕೆ ಇಟ್ಟುಕೊಂಡಿದ್ದೇವೆ. ನೀವು ಹಾಡಿನ ಬಗ್ಗೆ ಹತ್ತು ನಿಮಿಷ ಮಾತಾಡಬೇಕು" ಅಂದರು. "ನಾನೇನು ಸಂಗೀತಗಾರ್ತಿಯೇನ್ರೀ? ಅಡುಗೆಮನೆಯಲ್ಲಿ ಗುನುಗುವವಳು" ಅಂದೆ. "ಅಷ್ಟು ಸಾಕು, ಆ ದಿನ ಸಂಗೀತಲೋಕದಲ್ಲಿ ಹಿಂದೆ ಏನೇನಾಯಿತು ಅಂತ ಹೇಳಿ, ಚೆನ್ನಾಗಿರುತ್ತೆ" ಅಂದರು. ಒಪ್ಪಿಕೊಂಡೆ.

ನಮ್ಮ ಮನೆಯ ಕ್ಯಾಲೆಂಡರನ್ನು ನೀವು ನೋಡಬೇಕು. ಒಂದೊಂದು ಚೌಕದಲ್ಲೂ ಏನಾದರೊಂದು ಬರೆದಿರುತ್ತೇನೆ. ಸಿಲಿಂಡರ್ ಬಂದದ್ದು, ಹಾಲಿನವನು ಬಾರದ್ದು, ಬಿ.ಪಿ. ಮಾತ್ರೆ ಮುಗಿಯುವುದು, ಏಕಾದಶಿ. ವರ್ಷ ಕಳೆದರೂ ಅದನ್ನು ಬಿಸಾಡುವುದಿಲ್ಲ. ಹೋದ ವರ್ಷದ ಕ್ಯಾಲೆಂಡರ್ ತೆಗೆದು ಫೆಬ್ರವರಿ ನಾಲ್ಕರ ಚೌಕ ನೋಡಿದೆ. "ವಾಣಿ ಜಯರಾಂ" ಅಂತ ಎರಡೇ ಮಾತು ಬರೆದಿತ್ತು. ಅಲ್ಲಿಂದ ಹಿಂದಕ್ಕೆ ಹುಡುಕುತ್ತಾ ಹೋದೆ. ಅದೇ ತಾರೀಖಿಗೆ ಇನ್ನೂ ಎರಡು ದನಿಗಳು ಸಿಕ್ಕವು. ಒಂದು ಹುಟ್ಟು, ಎರಡು ಸಾವು. ಆ ಮೂರರ ಕಥೆಯನ್ನು ನಿಮ್ಮ ಮುಂದೆ ಇಡುತ್ತೇನೆ. ಕೊನೆಗೆ ನನ್ನದೂ ಒಂದು ಮಾತಿದೆ. ಇದುವರೆಗೆ ಅದನ್ನು ಯಾರಿಗೂ ಹೇಳಿಲ್ಲ.

ಮೊದಲು ಹುಟ್ಟು. 1922ರ ಫೆಬ್ರವರಿ 4. ನಮ್ಮ ಗದಗ ಸೀಮೆಯ ಗುರುರಾಜ ಜೋಶಿ ಮಾಸ್ತರರ ಮನೆಯಲ್ಲಿ ಒಂದು ಗಂಡುಕೂಸು ಹುಟ್ಟಿತು. ಅವರೇ ಪಂಡಿತ ಭೀಮಸೇನ ಜೋಶಿ. ಹುಡುಗನಿಗೆ ಹಾಡಿನ ಹುಚ್ಚು ಹಿಡಿದದ್ದು ಅಬ್ದುಲ್ ಕರೀಂ ಖಾನರ ಗ್ರಾಮಫೋನ್ ರೆಕಾರ್ಡ್ ಕೇಳಿ. ಹನ್ನೊಂದನೆಯ ವಯಸ್ಸಿಗೆ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಓಡಿಹೋದರು. ಕಿಸೆಯಲ್ಲಿ ಕಾಸಿಲ್ಲ. ರೈಲಿನಲ್ಲಿ ಜೊತೆಗಿದ್ದವರಿಗೆ ಹಾಡಿ ತೋರಿಸುತ್ತಾ ಗ್ವಾಲಿಯರ್‌ವರೆಗೆ ಹೋದರು. ಕೊನೆಗೆ ತಂದೆ ಜಲಂಧರದಲ್ಲಿ ಪತ್ತೆಹಚ್ಚಿ ಕರೆತಂದರು. ಉತ್ತರವೆಲ್ಲ ತಿರುಗಿದ ಮೇಲೆ ಗುರು ಸಿಕ್ಕಿದ್ದು ನಮ್ಮ ಕುಂದಗೋಳದಲ್ಲೇ, ಸವಾಯಿ ಗಂಧರ್ವರು.

ಈ ಕಥೆಯನ್ನು ಅವ್ವ ನನಗೆ ಹೇಳುವಾಗಲೆಲ್ಲ ಒಂದು ಮಾತು ಸೇರಿಸುತ್ತಿದ್ದಳು, "ಹುಡುಗ ನೋಡು, ಓಡಿಹೋದರೂ ನಡೀತು." ಅದೇ ಗುರುಗಳ ಹತ್ತಿರ ಕಲಿತ ಗಂಗೂಬಾಯಿ ಹಾನಗಲ್ಲರು ಓಡಿಹೋಗಲಿಲ್ಲ. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಪಾಠ ಮುಗಿಸಿ ರೈಲಿನಲ್ಲೇ ವಾಪಸು ಬರುತ್ತಿದ್ದರು. ಹೋಗಿ ಬರುವುದು, ಮತ್ತೆ ಹೋಗಿ ಬರುವುದು. ನಮ್ಮ ಹೆಣ್ಣುಮಕ್ಕಳ ಕಲಿಕೆ ಬಹಳ ಸಲ ಹಾಗೆಯೇ ಆದದ್ದು.

ಭೀಮಸೇನರು ಶಾಸ್ತ್ರೀಯ ಗಾಯಕರು, ಇಲ್ಲಿ ಯಾಕೆ ಬಂದರು ಅನ್ನಬೇಡಿ. 1956ರ ಹಿಂದಿ ಚಿತ್ರ 'ಬಸಂತ್ ಬಹಾರ್'ಗೆ ಮನ್ನಾ ಡೇ ಜೊತೆ ಹಾಡಿದರು. 1966ರ 'ಸಂಧ್ಯಾರಾಗ'ದಲ್ಲಿ ಜಿ.ಕೆ. ವೆಂಕಟೇಶರ ಸಂಗೀತಕ್ಕೆ ಕನ್ನಡದಲ್ಲಿ ಹಾಡಿದರು. 1988ರಲ್ಲಿ ದೂರದರ್ಶನದ 'ಮಿಲೇ ಸುರ್' ಶುರುವಾಗುತ್ತಿದ್ದುದೇ ಅವರ ದನಿಯಿಂದ. ಇನ್ನು ದಾಸರ ಪದಗಳ ಕ್ಯಾಸೆಟ್ಟು! ಶುಕ್ರವಾರ ಸಂಜೆ ಲಕ್ಷ್ಮಿಯನ್ನು ಅವರ ದನಿಯಲ್ಲಿ ಕರೆಯದ ಕನ್ನಡದ ಮನೆ ಯಾವುದಿತ್ತು ಹೇಳಿ. ಪುಣೆಯಲ್ಲಿ ಮನೆ ಮಾಡಿದರು, ಲೋಕವೆಲ್ಲ ಹಾಡಿದರು, 2008ರಲ್ಲಿ ಭಾರತರತ್ನ ಬಂತು. ಕನ್ನಡದಿಂದ ಹೊರಟು ಹೊರಗೆ ಬೆಳೆದ ದನಿ ಅದು.

ಎರಡನೆಯದು 1983ರ ಫೆಬ್ರವರಿ 4. ಇದನ್ನು ನನಗೆ ಹೇಳಿದವಳು ಮೊಮ್ಮಗಳು. ಪುಣೆಯಿಂದ ವಿಡಿಯೋ ಕಾಲ್‌ನಲ್ಲಿ, "ಅಜ್ಜಿ, ಕ್ಯಾರೆನ್ ಕಾರ್ಪೆಂಟರ್ ಗೊತ್ತಾ?" ಅಂದಳು. ನನಗೆಲ್ಲಿ ಗೊತ್ತು! ಅಮೆರಿಕದಲ್ಲಿ ಅಣ್ಣ ರಿಚರ್ಡ್, ತಂಗಿ ಕ್ಯಾರೆನ್, ಇಬ್ಬರೂ ಸೇರಿ 'ಕಾರ್ಪೆಂಟರ್ಸ್' ಅಂತ ತಂಡ ಕಟ್ಟಿದ್ದರು. ಆ ಹುಡುಗಿಗೆ ಬಲು ಇಷ್ಟವಾದದ್ದು ಡ್ರಮ್ಸ್ ಬಾರಿಸುವುದು. ಡ್ರಮ್ಸ್ ಹಿಂದೆ ಕೂತೇ ಹಾಡುತ್ತಿದ್ದಳು. ದನಿ ಜನಕ್ಕೆ ಮೆಚ್ಚುಗೆಯಾದ ಮೇಲೆ ಅವಳನ್ನು ಎಬ್ಬಿಸಿ ವೇದಿಕೆಯ ಮುಂದಕ್ಕೆ ತಂದು ನಿಲ್ಲಿಸಿದರು. ಮುಂದೆ ನಿಂತವಳನ್ನು ಎಲ್ಲರೂ ನೋಡುತ್ತಾರಲ್ಲ. ಊಟ ಬಿಡುತ್ತಾ ಬಂದಳು. ಅದಕ್ಕೆ ಅನೊರೆಕ್ಸಿಯಾ ಅಂತ ಹೆಸರು. ತೆಳ್ಳಗಾಗಬೇಕೆಂಬ ಹಂಬಲವೇ ರೋಗವಾಗುವುದು. ಕೊನೆಗೆ ಆ ರೋಗದಿಂದ ಸೋತ ಹೃದಯ ನಿಂತಿತು. ಆಗ ಅವಳಿಗೆ 32 ವರ್ಷ. ಆ ಕಾಯಿಲೆಯ ಹೆಸರು ಸಾಮಾನ್ಯ ಜನರ ಕಿವಿಗೆ ಬಿದ್ದದ್ದೇ ಅವಳ ಸಾವಿನಿಂದ.

ಮೊಮ್ಮಗಳು ಹಾಡು ಹಾಕಿ ಕೇಳಿಸಿದಳು. ಭಾಷೆ ಅಷ್ಟು ತಿಳಿಯದಿದ್ದರೂ ದನಿ ತಿಳಿಯಿತು. ತಗ್ಗಿನ ದನಿ, ಪಕ್ಕದಲ್ಲಿ ಕೂತು ಮಾತಾಡಿದ ಹಾಗೆ. ಹಾಡು ಮುಗಿದ ಮೇಲೆ ಮೊಮ್ಮಗಳು ಸುಮ್ಮನಿದ್ದಳು. ಆಮೇಲೆ, "ನಮ್ಮ ಕ್ಲಾಸಲ್ಲೂ ಒಬ್ಬಳು ಟಿಫಿನ್ ಡಬ್ಬಿ ತೆರೆಯೋದೇ ಇಲ್ಲ ಅಜ್ಜಿ" ಅಂದಳು. ನಾವು ಬಡಿಸುವವರು. ತಟ್ಟೆ ಸರಿಸಿದ ಮಗುವನ್ನು "ಹಟ" ಅಂತ ಗದರಿ ಎದ್ದುಹೋಗುತ್ತೇವೆ. ಇನ್ನು ಮೇಲೆ ಒಂದು ನಿಮಿಷ ಪಕ್ಕದಲ್ಲಿ ಕೂರೋಣ ಅಂತ ನನಗನ್ನಿಸಿತು.

ಮೂರನೆಯದು ಹೋದ ವರ್ಷ ಇದೇ ದಿನ, 2023ರ ಫೆಬ್ರವರಿ 4, ಶನಿವಾರ. ಇದಕ್ಕೆ ಬರುವ ಮೊದಲು ಸ್ವಲ್ಪ ಮಣಲಿಯ ಮಾತು ಹೇಳಬೇಕು.

ನಾನು ಮದುವೆಯಾಗಿ ಇಲ್ಲಿಗೆ ಬಂದದ್ದು 1984ರಲ್ಲಿ. ಯಜಮಾನರಿಗೆ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ. ಆಗಿನ ಮಣಲಿ ನಿಮಗೆ ಕೆಲವರಿಗೆ ನೆನಪಿರಬಹುದು. ರಾತ್ರಿ ಚಿಮಣಿಯ ಬೆಂಕಿ, ಗಾಳಿ ತಿರುಗಿದರೆ ಮೂಗಿಗೆ ಅಡರುವ ವಾಸನೆ. ನನಗೆ ತಮಿಳು ಬಾರದು. ಯಜಮಾನರು ರಾತ್ರಿ ಪಾಳಿಗೆ ಹೋದರೆ ಮನೆಯಲ್ಲಿ ನಾನು, ಒಂದು ರೇಡಿಯೋ. ಕತ್ತಲಾದ ಮೇಲೆ ಮುಳ್ಳು ತಿರುಗಿಸಿ ತಿರುಗಿಸಿ ಬೆಂಗಳೂರು ಆಕಾಶವಾಣಿ ಹಿಡಿಯುತ್ತಿದ್ದೆ. ಗರಗರ ಸದ್ದಿನ ನಡುವೆ ಎಲ್ಲೋ ಒಂದು ಕನ್ನಡ ಹಾಡು. ಬಹಳ ಸಲ ಅದು ವಾಣಿಯಮ್ಮನದೇ. ಹಾಡಿನಲ್ಲಿ ನನ್ನ ಊರು ಕೇಳುತ್ತಿದೆ ಅಂತ ಕಣ್ಣು ಒರೆಸಿಕೊಳ್ಳುತ್ತಿದ್ದೆ.

ಎಷ್ಟೋ ವರ್ಷದ ಮೇಲೆ ಗೊತ್ತಾಯಿತು. ಆ ಕಾಲದ ಕನ್ನಡ ಸಿನಿಮಾ ಹಾಡುಗಳಲ್ಲಿ ಬಹುಪಾಲು ರೆಕಾರ್ಡ್ ಆದದ್ದು ಇದೇ ಮದ್ರಾಸಿನಲ್ಲಿ, ಕೋಡಂಬಾಕ್ಕಂ, ವಡಪಳನಿ ಕಡೆಯ ಸ್ಟುಡಿಯೋಗಳಲ್ಲಿ! ಊರಿನ ಆ ತುದಿಯಲ್ಲಿ ಹಾಡಿದ್ದು ಬೆಂಗಳೂರಿಗೆ ಹೋಗಿ, ಅಲ್ಲಿಂದ ಗಾಳಿಯಲ್ಲಿ ಈ ತುದಿಯ ನನ್ನ ಅಡುಗೆಮನೆಗೆ ಬಂದಿತ್ತು. ಬಸ್ಸು ಹತ್ತಿದ್ದರೆ ಒಂದೂವರೆ ಗಂಟೆ.

ಹಾಡಿದವರೂ ಕನ್ನಡದವರಲ್ಲ. ವಾಣಿಯಮ್ಮ 1945ರಲ್ಲಿ ವೆಲ್ಲೂರಿನಲ್ಲಿ ಹುಟ್ಟಿದವರು, ಅಪ್ಪ ಅಮ್ಮ ಇಟ್ಟ ಹೆಸರು ಕಲೈವಾಣಿ. ಚಿಕ್ಕಂದಿನಲ್ಲೇ ಕರ್ನಾಟಕ ಸಂಗೀತ ಕಲಿತರು. ಸ್ಟೇಟ್ ಬ್ಯಾಂಕಿನಲ್ಲಿ ಕೆಲಸಕ್ಕಿದ್ದರು. ಮದುವೆಯಾಗಿ ಮುಂಬಯಿಗೆ ಹೋದಾಗ ಗಂಡ ಜಯರಾಂ, ಹಿಂದೂಸ್ತಾನಿಯನ್ನೂ ಕಲಿ ಅಂತ ಒತ್ತಾಯಿಸಿ ಪಟಿಯಾಲಾ ಘರಾಣೆಯ ಉಸ್ತಾದ್ ಅಬ್ದುಲ್ ರೆಹಮಾನ್ ಖಾನರ ಹತ್ತಿರ ಕಳಿಸಿದರು. ಪಾಠ ಬಿಗಿಯಾದಾಗ ಬ್ಯಾಂಕಿನ ಕೆಲಸ ಬಿಟ್ಟರು. ಬ್ಯಾಂಕ್ ಕೆಲಸ ಬಿಡುವುದು ಅಂದರೆ ಆ ಕಾಲದಲ್ಲಿ ಏನು ಧೈರ್ಯ ಬೇಕು, ನಮ್ಮ ವೇದಿಕೆಯ ಬ್ಯಾಂಕ್ ಅಕ್ಕಂದಿರನ್ನು ಕೇಳಿ.

1971ರ 'ಗುಡ್ಡಿ' ಚಿತ್ರದಲ್ಲಿ ವಸಂತ ದೇಸಾಯಿ ಅವರ ಸಂಗೀತಕ್ಕೆ ಮಿಯಾ ಕಿ ಮಲ್ಹಾರ್ ರಾಗದಲ್ಲಿ ಹಾಡಿದರು. ದೇಶವೆಲ್ಲ ತಿರುಗಿ ನೋಡಿತು. ಕನ್ನಡಕ್ಕೆ ಕರೆತಂದವರು ವಿಜಯಭಾಸ್ಕರ್, 1973ರ 'ಕೆಸರಿನ ಕಮಲ' ಚಿತ್ರಕ್ಕೆ. ಆಮೇಲೆ ಪುಟ್ಟಣ್ಣ ಕಣಗಾಲರ 'ಉಪಾಸನೆ', 'ಶುಭಮಂಗಳ'. ಅವರ ಕನ್ನಡ ಉಚ್ಚಾರ ಕೇಳಿ, ನಮ್ಮ ಮಕ್ಕಳಿಗೆ ಇನ್ನೂ ತಿರುಗದ ಳ-ಲ, ಶ-ಷ ಎಲ್ಲ ಸ್ಫುಟ. ಹತ್ತೊಂಬತ್ತು ಭಾಷೆಯಲ್ಲಿ ಹಾಡಿದರು, ಮೂರು ಸಲ ರಾಷ್ಟ್ರಪ್ರಶಸ್ತಿ ಪಡೆದರು. ಭೀಮಸೇನರದು ಕನ್ನಡದಿಂದ ಹೊರಗೆ ಹೋದ ದನಿಯಾದರೆ, ಇವರದು ಹೊರಗಿನಿಂದ ಕನ್ನಡದ ಒಳಗೆ ಬಂದ ದನಿ. ಇಬ್ಬರಿಗೂ ಬಾಗಿಲು ತೆರೆದೇ ಇತ್ತು.

ಕೊನೆಯ ಬಾಗಿಲು ಮಾತ್ರ ಮುಚ್ಚಿತ್ತು. ಹೋದ ವರ್ಷ ಗಣರಾಜ್ಯೋತ್ಸವದ ಹಿಂದಿನ ದಿನ ಅವರಿಗೆ ಪದ್ಮಭೂಷಣ ಪ್ರಕಟವಾಗಿತ್ತು. ಫೆಬ್ರವರಿ 2ರಂದು 'ಶಂಕರಾಭರಣಂ' ನಿರ್ದೇಶಕ ಕೆ. ವಿಶ್ವನಾಥ್ ತೀರಿಕೊಂಡರು. ಆ ಚಿತ್ರದ ಹಾಡುಗಳಿಗೇ ವಾಣಿಯಮ್ಮನಿಗೆ ರಾಷ್ಟ್ರಪ್ರಶಸ್ತಿ ಬಂದಿದ್ದು. ಎರಡು ದಿನ ಕಳೆದು ಶನಿವಾರ ಬೆಳಿಗ್ಗೆ, ನುಂಗಂಬಾಕ್ಕಂನ ಅವರ ಮನೆಗೆ ಕೆಲಸದಾಕೆ ಬಂದು ಬೆಲ್ ಒತ್ತಿದರು. ಮತ್ತೆ ಮತ್ತೆ ಒತ್ತಿದರು. ಬಾಗಿಲು ತೆರೆಯಲಿಲ್ಲ. ಗಂಡ 2018ರಲ್ಲೇ ಹೋಗಿದ್ದರು, ಮಕ್ಕಳಿರಲಿಲ್ಲ, ಒಬ್ಬರೇ ಇದ್ದರು. ಬಾಗಿಲು ತೆರೆಸಿ ನೋಡಿದಾಗ ಬಿದ್ದಿದ್ದರು, ತಲೆಗೆ ಪೆಟ್ಟಾಗಿತ್ತು. ವಯಸ್ಸು 77.

ಟಿ.ವಿ.ಯಲ್ಲಿ ಸುದ್ದಿ ಬಂದಾಗ ಎಲ್ಲರೂ ಅವರ ಹಾಡು ನೆನೆದರು. ನಾನು ಮಾತ್ರ ಆ ಬೆಲ್ ಸದ್ದನ್ನೇ ಯೋಚಿಸುತ್ತಾ ಕೂತೆ. ಯಾಕೆ ಅಂತ ಈಗ ಹೇಳುತ್ತೇನೆ.

ಯಜಮಾನರು ಹೋಗಿ ಐದು ವರ್ಷವಾಗುತ್ತಾ ಬಂತು. ಮಗಳು ಪುಣೆಗೆ ಬಾ ಅನ್ನುತ್ತಾಳೆ, ನಾನು ಹೋಗುವುದಿಲ್ಲ. 2022ರ ಅಕ್ಟೋಬರಿನಲ್ಲಿ ಒಂದು ಬೆಳಿಗ್ಗೆ ಬಚ್ಚಲಲ್ಲಿ ಜಾರಿ ಬಿದ್ದೆ. ಸೊಂಟ ಹಿಡಿದುಕೊಂಡಿತು, ಏಳಲಾಗಲಿಲ್ಲ. ಫೋನು ಹಾಲಿನಲ್ಲಿ. ಮುಂಬಾಗಿಲಿಗೆ ಒಳಗಿನಿಂದ ಚಿಲಕ. ಸುಮಾರು ಎರಡು ಗಂಟೆ ಹಾಗೇ ಇದ್ದೆ. ಎರಡು ಸಲ ಕೂಗಿದೆ, ಆಮೇಲೆ ಕೂಗುವುದಕ್ಕೂ ಸಂಕೋಚವಾಯಿತು. ನಗಬೇಡಿ, ಉಟ್ಟ ಬಟ್ಟೆ ನೆಟ್ಟಗಿಲ್ಲ, ಯಾರಾದರೂ ಬಂದರೆ ಏನು ಅಂದುಕೊಂಡಾರು ಅಂತ ಯೋಚನೆ! ಕೊನೆಗೆ ತೆವಳಿಕೊಂಡು ಹೊರಗೆ ಬಂದೆ. ಮಗಳಿಗೆ ಹೇಳಲಿಲ್ಲ. ಹೇಳಿದ್ದರೆ ಮರುದಿನವೇ ಬಂದು ಮನೆಗೆ ಬೀಗ ಹಾಕಿಸುತ್ತಿದ್ದಳು. ನಿಮಗೂ ಹೇಳಲಿಲ್ಲ, ದೀಪಾವಳಿ ಸಭೆಗೆ ಸೀರೆ ಉಟ್ಟು ಬಂದು ಕೋಸಂಬರಿ ಹಂಚಿದೆ. ನಿಮ್ಮಲ್ಲೂ ಹೀಗೆ ಮುಚ್ಚಿಟ್ಟವರು ಇದ್ದೀರಿ ಅಂತ ನನಗೆ ಗೊತ್ತು. ಹೆಸರು ಹೇಳುವುದಿಲ್ಲ.

ವಾಣಿಯಮ್ಮ ಹೋದ ದಿನ ಸಂಜೆ ಪಕ್ಕದ ಮನೆಗೆ ಹೋದೆ. ಆಕೆ ತಮಿಳಿನವರು, ನನಗಿಂತ ಚಿಕ್ಕವರು. ನನ್ನ ಮನೆಯ ಇನ್ನೊಂದು ಕೀಲಿಕೈ ಅವರ ಕೈಗೆ ಕೊಟ್ಟೆ. ಒಳಗಿನ ಚಿಲಕ ಹಾಕುವುದನ್ನು ಬಿಟ್ಟೆ. ದಿನಾ ಬೆಳಿಗ್ಗೆ ಏಳಕ್ಕೆ ಆಕೆ ಫೋನ್ ಮಾಡಬೇಕು ಅಂತ ಒಪ್ಪಂದ. "ಅಕ್ಕಾ, ಇರುಕ್ಕೀಂಗಳಾ?" ಅನ್ನುತ್ತಾರೆ. ಇದ್ದೀರಾ ಅಂತ. "ಇರುಕ್ಕೇನ್ ಮಾ" ಅನ್ನುತ್ತೇನೆ. ಅಷ್ಟೇ ಮಾತು.

ಮೊನ್ನೆ ಡಿಸೆಂಬರಿನ ಮಿಚಾಂಗ್ ಚಂಡಮಾರುತ ನಿಮಗೆಲ್ಲ ನೆನಪಿದೆ. ಮನೆಯೊಳಗೆ ನೀರು, ನೀರಿನ ಮೇಲೆ ಕರಿ ಎಣ್ಣೆ. ಕರೆಂಟಿಲ್ಲ, ಫೋನು ಸತ್ತಿತ್ತು. ಬೆಳಿಗ್ಗೆ ಏಳಾಯಿತು, ಕರೆ ಬರಲಿಲ್ಲ, ಬರುವಂತೆಯೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಬಾಗಿಲ ಹತ್ತಿರ ಸದ್ದಾಯಿತು. ಆಕೆ ಮೊಣಕಾಲುದ್ದ ನೀರಿನಲ್ಲಿ ನಿಂತು, ಕೀಲಿ ತಿರುಗಿಸಿ, ತಲೆ ಒಳಗೆ ಹಾಕಿ, ಅದೇ ಮಾತು ಕೇಳಿದರು. ಆವತ್ತು ಉತ್ತರ ಕೊಡಲು ನನ್ನ ಗಂಟಲು ಕಟ್ಟಿತು.

ಅದಕ್ಕೇ ಇವತ್ತು ನಿಮ್ಮನ್ನು ಕೇಳುತ್ತಿದ್ದೇನೆ. ನಮ್ಮ ವೇದಿಕೆಯಲ್ಲಿ ಒಬ್ಬರೇ ಇರುವವರು ಎಷ್ಟು ಮಂದಿ, ನಾವೇ ಎಣಿಸಿಕೊಳ್ಳೋಣ. ಇಬ್ಬಿಬ್ಬರು ಜೋಡಿಯಾಗೋಣ. ಬೆಳಿಗ್ಗೆ ಒಂದು ಕರೆ. ಎತ್ತದಿದ್ದರೆ ಹತ್ತು ನಿಮಿಷ ಬಿಟ್ಟು ಇನ್ನೊಂದು. ಅದಕ್ಕೂ ಇಲ್ಲವೆಂದರೆ ಅವರ ಪಕ್ಕದ ಮನೆಗೆ ಫೋನು. ಪಕ್ಕದ ಮನೆಯಲ್ಲಿ ಒಂದು ಕೀಲಿಕೈ. ಅವರು ಕನ್ನಡದವರೇ ಆಗಬೇಕಿಲ್ಲ. ಸಭೆ ಮುಗಿದ ಮೇಲೆ ಕಾಫಿಯ ಮೇಜಿನ ಮೇಲೆ ಒಂದು ನೋಟ್‌ಬುಕ್ ಇಟ್ಟಿರುತ್ತೇನೆ, ಹೆಸರು ಬರೆಯಿರಿ. ಮೊದಲ ಹೆಸರು ನನ್ನದೇ ಬರೆದಿದ್ದೇನೆ.

ಮಗಳಿಗೆ ನಿನ್ನೆ ರಾತ್ರಿ ಎಲ್ಲ ಹೇಳಿದೆ. ನಿಮಗೆ ಹೇಳುವ ಮೊದಲು ಅವಳಿಗೆ ಹೇಳಬೇಕಲ್ಲ. ಚೆನ್ನಾಗಿ ಬೈದಳು. ಆಮೇಲೆ, "ಆ ಆಂಟಿಯ ನಂಬರ್ ಕೊಡಮ್ಮಾ" ಅಂದಳು.

ಈಗ ನಮ್ಮ ತಂಗಿಯರು ವಾಣಿಯಮ್ಮನ ಹಾಡೊಂದನ್ನು ಹಾಡುತ್ತಾರೆ. ಗೊತ್ತಿರುವವರು ದನಿಗೂಡಿಸಿ.