ಅಯಸ್ಕಾಂತದ ಅಂಕೆಯಲ್ಲಿ ದ್ರವಲೋಹ



ತಾಮ್ರದ ತಟ್ಟೆಯೊಂದನ್ನು ತೂಗುಬಿಟ್ಟು, ಪ್ರಬಲವಾದ ಅಯಸ್ಕಾಂತದ ಎರಡು ಧ್ರುವಗಳ ನಡುವೆ ಹಾಯುವಂತೆ ಮಾಡಿದರೆ, ಅದು ಜೇನುತುಪ್ಪದಲ್ಲಿ ಸಿಕ್ಕಿಕೊಂಡಂತೆ ಥಟ್ಟನೆ ನಿಧಾನಿಸುತ್ತದೆ. ಅಯಸ್ಕಾಂತವು ತಾಮ್ರವನ್ನು ಸೆಳೆಯದೆಂದು ಬಲ್ಲ ವಿದ್ಯಾರ್ಥಿಗಳು ಪ್ರತಿವರ್ಷವೂ ಇದನ್ನು ಕಂಡು ಬೆರಗಾಗುವುದನ್ನು ನಾನು ನೋಡಿದ್ದೇನೆ. ವಾಹಕವು ಕ್ಷೇತ್ರವನ್ನು ಅಡ್ಡಹಾಯುವಾಗ ಅದರೊಳಗೆ ವಿದ್ಯುತ್ತು ಹುಟ್ಟುತ್ತದೆ. ಆ ವಿದ್ಯುತ್ತಿನ ಮೇಲೆ ಅದೇ ಕ್ಷೇತ್ರವು ಬಲವನ್ನು ಬೀರಿ, ಚಲನೆಯನ್ನೇ ತಡೆಯುತ್ತದೆ.

ತಟ್ಟೆಗೆ ಬದಲಾಗಿ ಹರಿಯುವ ದ್ರವವಿದ್ದರೂ ನಿಯಮವು ಒಂದೇ. 1832ರಲ್ಲಿ ಫ್ಯಾರಡೆಯು ಲಂಡನ್ನಿನ ವಾಟರ್ಲೂ ಸೇತುವೆಯ ಮೇಲೆ 960 ಅಡಿ ತಂತಿಯನ್ನೆಳೆದು, ಅದರ ತುದಿಗಳಿಗೆ ಸೇರಿಸಿದ ಲೋಹಫಲಕಗಳನ್ನು ಥೇಮ್ಸ್ ನದಿಯಲ್ಲಿ ಮುಳುಗಿಸಿ, ಭೂಮಿಯ ಅಯಸ್ಕಾಂತಕ್ಷೇತ್ರದಲ್ಲಿ ಹರಿಯುವ ನೀರಿನಿಂದ ವಿದ್ಯುತ್ತು ದೊರೆಯುವುದೇ ಎಂದು ಪರೀಕ್ಷಿಸಿದನು. ಮಾಪಕದ ಮುಳ್ಳೇನೋ ಅಲುಗಿತು. ಆದರೆ ಅದಕ್ಕೆ ಅನ್ಯ ಕಾರಣಗಳಿದ್ದುವೆಂದು ಅವನೇ ಒಪ್ಪಿಕೊಂಡನು. ನದಿಯ ನೀರು ಅಷ್ಟು ಒಳ್ಳೆಯ ವಾಹಕವಲ್ಲ.

ಪಾದರಸವು ಹಾಗಲ್ಲ. 1937ರಲ್ಲಿ ಡೆನ್ಮಾರ್ಕಿನ ಹಾರ್ಟ್‌ಮನ್ನನು ಅಯಸ್ಕಾಂತದ ನಡುವೆ ಪಾದರಸವನ್ನು ಹರಿಯಿಸಿದ ಪ್ರಯೋಗಗಳನ್ನು ಪ್ರಕಟಿಸಿದನು. ಸಾಮಾನ್ಯವಾಗಿ ನಾಲೆಯ ನಡುವೆ ವೇಗ ಹೆಚ್ಚು, ಅಂಚಿನತ್ತ ಕಡಮೆ. ಪ್ರಬಲ ಕ್ಷೇತ್ರದಲ್ಲಿಯಾದರೋ ನಡುಭಾಗವೆಲ್ಲ ಸಮವೇಗದಿಂದ ಸಾಗಿ, ಗೋಡೆಯ ಬಳಿಯ ತೆಳುವಾದ ಪದರದಲ್ಲಿ ಮಾತ್ರ ವೇಗವು ಇಳಿಯುತ್ತದೆ. ಸುಳಿಗಳೂ ಅಡಗುತ್ತವೆ.

ಸುಳಿ ಅಡಗಿದರೆ ನಷ್ಟವೇನು? ಹಂಡೆಯ ಬಿಸಿನೀರಿಗೆ ತಣ್ಣೀರು ಬೆರೆಸಿದ ಮೇಲೆ ಚೊಂಬಿನಿಂದ ಕಲಕದಿದ್ದರೆ ಏನಾಗುವುದೆಂದು ಎಲ್ಲರೂ ಬಲ್ಲರು. ದ್ರವದೊಳಗೆ ಶಾಖವನ್ನು ಬೇಗ ಹೊತ್ತು ಹಂಚುವುದು ಈ ಕಲಕಾಟವೇ. ಅದು ನಿಂತರೆ ಲೋಹವು ತನ್ನ ಸ್ವಂತ ವಾಹಕತ್ವವನ್ನೇ ನೆಚ್ಚಬೇಕು. ಅಚ್ಚಿಗೆ ಸುರಿಯುವ ಕರಗಿದ ಉಕ್ಕಿನ ರಭಸವನ್ನು ತಗ್ಗಿಸುವಲ್ಲಿ ಈ ತಡೆಯು ವರವೇ ಸರಿ. ಕಿಟ್ಟವು ಉಕ್ಕಿನೊಳಗೆ ಸೇರುವುದು ತಪ್ಪುತ್ತದೆ.

ಆದರೆ ಫ್ರಾನ್ಸಿನ ಕದರಾಷ್‌ನಲ್ಲಿ, ಭಾರತವೂ ಪಾಲುಗೊಂಡು ಕಟ್ಟುತ್ತಿರುವ ಇಟೆರ್ ಎಂಬ ಯಂತ್ರದಂಥವುಗಳಲ್ಲಿ ಇದೇ ತೊಡಕಾಗುತ್ತದೆ. ಪರಮಾಣುಬೀಜಗಳು ಬೆಸೆಯುವಷ್ಟು ಬಿಸಿಯಾದ ಅನಿಲವನ್ನು ಯಾವ ಪಾತ್ರೆಯೂ ತಾಳದು; ಅಯಸ್ಕಾಂತವೇ ಅದನ್ನು ಹಿಡಿದಿಡಬೇಕು. ಅಲ್ಲಿಯ ಕ್ಷೇತ್ರವು ನಡುವಿನಲ್ಲಿ 5.3 ಟೆಸ್ಲಾ, ಎಂದರೆ ನಮ್ಮೂರುಗಳಲ್ಲಿನ ಭೂಕ್ಷೇತ್ರದ ಲಕ್ಷಪಟ್ಟಿಗೂ ಮಿಗಿಲು. ಇಂಥ ಯಂತ್ರದ ಸುತ್ತಲಿನ ಕವಚದಲ್ಲಿ ಸೀಸ ಲಿಥಿಯಮ್ಮುಗಳ ದ್ರವಲೋಹವನ್ನು ಹರಿಯಿಸಿ ಶಾಖವನ್ನು ಹೊರತರಬೇಕೆಂಬುದು ಒಂದು ಯೋಜನೆ. ಬೆಂಕಿಯನ್ನು ಕಾಯುವ ಅಯಸ್ಕಾಂತವೇ ಬೆಂಕಿಯ ಫಲವನ್ನು ತರುವ ಲೋಹದ ಕಾಲಿಗೂ ತೊಡಕುಹಾಕುತ್ತದೆ! ತಳ್ಳಲು ಒತ್ತಡ ಹೆಚ್ಚು ಬೇಕು, ತಳ್ಳಿದರೂ ಕಲಕಾಟವಿಲ್ಲ.

ಕೊಳವೆಯ ಗೋಡೆಯೂ ವಿದ್ಯುದ್ವಾಹಕವಾದರೆ ದ್ರವದಲ್ಲಿ ಹುಟ್ಟಿದ ವಿದ್ಯುತ್ತು ಗೋಡೆಯ ಮೂಲಕ ಸುಲಭವಾಗಿ ಸುತ್ತುವರಿದು, ತಡೆಯು ಮತ್ತಷ್ಟು ಬಲಿಯುತ್ತದೆ. ಆದುದರಿಂದ ಕೊಳವೆಯೊಳಗೆ ವಿದ್ಯುತ್ತನ್ನು ಹಾಯಗೊಡದ ಪದರವೊಂದನ್ನು ಕೂಡಿಸಲು ತಜ್ಞರು ಯತ್ನಿಸುತ್ತಿದ್ದಾರೆ. ಆ ಪದರವು ಕುದಿಬಿಸಿಯ ಲೋಹದ ಸಂಗದಲ್ಲಿ ವರ್ಷಗಟ್ಟಲೆ ಬಿರುಕುಬಿಡದೆ ಬಾಳಬೇಕು.